ಅಪ್ಪನ ತೋಟ, ಅಮ್ಮನ ಪೆಟ್ಟಿಗೆ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರದ ಹಳ್ಳಿ. ನನಗೆ 43 ವರ್ಷ, ಮದುವೆಯಾಗಿ ಪುತ್ತೂರಿನಲ್ಲಿದ್ದೇನೆ. ತಮ್ಮ ಬೆಂಗಳೂರಿನಲ್ಲಿ. ಅಮ್ಮ ತೀರಿಕೊಂಡು ಆರು ವರ್ಷ. ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದ ಅಪ್ಪ ಎರಡು ವರ್ಷದ ಹಿಂದೆ, 70ರ ಪ್ರಾಯದಲ್ಲಿ, ಮಕ್ಕಳಿಲ್ಲದ 55ರ ಹೆಂಗಸೊಬ್ಬರನ್ನು ಮದುವೆಯಾದರು. ಈಗ ಮನೆಯನ್ನೂ ಒಂದು ಎಕರೆ ಅಡಿಕೆ ತೋಟವನ್ನೂ ಅವರ ಹೆಸರಿಗೆ ಆಧಾರ (ಜಾಗ ಬರೆದುಕೊಡುವ ರಿಜಿಸ್ಟ್ರಿ ಪತ್ರ) ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಒಟ್ಟು ಜಾಗ ಎರಡೂಕಾಲು ಎಕರೆ. ಅದರಲ್ಲಿ 80 ಸೆಂಟ್ಸ್ ಅಜ್ಜನ ಪಾಲುಪಟ್ಟಿಯಲ್ಲಿ ಬಂದದ್ದು, ಮಿಕ್ಕದ್ದು ಅಪ್ಪ ಸಂಬಳದಲ್ಲಿ ಕೊಂಡದ್ದು. ಕೋರ್ಟಿಗೆ ಹೋಗೋಣ ಎಂದು ತಮ್ಮ ವಕಾಲತ್ತಿಗೆ ನನ್ನ ಸಹಿ ಕೇಳುತ್ತಿದ್ದಾನೆ. ಅಮ್ಮನ ಎಂಟು ಪವನು ಚಿನ್ನವೂ ಆ ಮನೆಯಲ್ಲೇ ಇದೆ. ಹೋದ ಸಲ ನಾನು ಹೋದಾಗ ಅವರು ಅಮ್ಮನ ಸೀರೆ ಉಟ್ಟಿದ್ದರು. ಸಹಿ ಹಾಕಲೇ?

ಉತ್ತರ: ಹಾಕಬೇಡಿ, ತಂಗೀ. ಈಗಂತೂ ಬೇಡ.

ನೀವು ಬರೆದ ನಾಲ್ಕು ಪುಟಗಳಲ್ಲಿ ಜಾಗದ ವಿಷಯ ಒಂದೂವರೆ ಪುಟಕ್ಕೇ ಮುಗಿಯುತ್ತದೆ. ಆಮೇಲೆಲ್ಲ ಆ ಸೀರೆ, ಅಮ್ಮನ ಪೆಟ್ಟಿಗೆ, ಅಡಿಗೆಮನೆಯಲ್ಲಿ ಜಾಗ ಬದಲಾದ ಡಬ್ಬಿಗಳು. ಓದುವಾಗ ನನಗೂ ಹೊಟ್ಟೆಯೊಳಗೆ ಸಂಕಟವಾಯಿತು. ಆದರೆ ಆ ಸಂಕಟಕ್ಕೆ ತೋಟದಲ್ಲಿ ಪಾಲು ಸಿಕ್ಕಿದರೆ ಪರಿಹಾರ ಎಂದು ತಮ್ಮ ಹೇಳುತ್ತಿದ್ದಾನೆ, ನೀವು ನಂಬುವ ಹಂತಕ್ಕೆ ಬಂದಿದ್ದೀರಿ. ಎರಡನ್ನೂ ಬೇರೆ ಮಾಡಿ ನೋಡೋಣ.

ಮೊದಲು ಜಾಗ. ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಬೆಂಗಳೂರಿನ ವಕೀಲರೊಬ್ಬರು ತಮ್ಮನಿಗೆ ಹೇಳಿದ್ದಾರಂತೆ. ತೋಟ ಇರುವುದು ಕಾಸರಗೋಡಿನಲ್ಲಿ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಆಸ್ತಿ ಕಾನೂನೂ ತನ್ನದೇ ದಾರಿ ಹಿಡಿಯಿತು. ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ ಕೇರಳದ ಕಾಯಿದೆ 1976ರ ಡಿಸೆಂಬರ್ 1ಕ್ಕೆ ಜಾರಿಗೆ ಬಂತು. ಹುಟ್ಟಿದ ಮಾತ್ರಕ್ಕೆ ಪಿತ್ರಾರ್ಜಿತದಲ್ಲಿ ಹಕ್ಕು ಎಂಬುದನ್ನು ಅದು ತೆಗೆದುಹಾಕಿತು. ನೀವಿಬ್ಬರೂ ಹುಟ್ಟಿದ್ದು ಅದರ ನಂತರ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಕೊಟ್ಟ 2005ರ ಕೇಂದ್ರ ತಿದ್ದುಪಡಿಯ ಎದುರು ಈ ಕಾಯಿದೆಯ ಕೆಲವು ಕಲಮುಗಳು ನಿಲ್ಲುವುದಿಲ್ಲ ಎಂದು 2025ರಲ್ಲಿ ಕೇರಳ ಹೈಕೋರ್ಟ್ ಹೆಣ್ಣುಮಕ್ಕಳ ಪರವಾಗಿ ತೀರ್ಪು ಕೊಟ್ಟಿದೆ. ಹಾಗಾಗಿ ಅಜ್ಜನಿಂದ ಬಂದ 80 ಸೆಂಟ್ಸ್ ಬಗ್ಗೆ ಕಾಸರಗೋಡಿನಲ್ಲೇ ಕೆಲಸ ಮಾಡುವ ವಕೀಲರಿಗೆ ಹಳೆಯ ಪಾಲುಪಟ್ಟಿ ತೋರಿಸಿ ಕೇಳಿ. ಅಪ್ಪ ಸಂಬಳದಲ್ಲಿ ಕೊಂಡ ಒಂದು ಎಕರೆ 45 ಸೆಂಟ್ಸ್ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ. ಅದು ಅವರದು, ಯಾರಿಗೆ ಬೇಕಾದರೂ ಕೊಡಬಹುದು.

ಏನನ್ನೂ ಬರೆಯದೆ ಅಪ್ಪ ತೀರಿಕೊಂಡರೆ? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮೊದಲ ಹೆಂಡತಿ ತೀರಿದ ಮೇಲೆ ಆದ ಮದುವೆಯಾದ್ದರಿಂದ ಆಕೆಯ ಹಕ್ಕಿನಲ್ಲಿ ಒಂದು ಕೂದಲೆಳೆಯೂ ಕಮ್ಮಿಯಿಲ್ಲ. ‘ಆಮೇಲೆ ಎಲ್ಲ ಅವರ ಅಣ್ಣನ ಮಕ್ಕಳ ಪಾಲು’ ಎಂದು ಹೆದರಿದ್ದೀರಿ. ಗಂಡನಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ, ಆಕೆಗೆ ಮಕ್ಕಳಿಲ್ಲದಿದ್ದರೆ, ಆಕೆ ವೀಲುನಾಮೆ (ಉಯಿಲು) ಬರೆಯದೆ ತೀರಿದರೆ, ಗಂಡನ ವಾರಸುದಾರರಿಗೆ ಮರಳುತ್ತದೆ. ಅಂದರೆ ನಿಮಗೆ, ತಮ್ಮನಿಗೆ.

ಇನ್ನು ನಿಮಗೆ ಹಿಡಿಸದ ಮಾತು. ಅಪ್ಪ ಹೋದ ಮರುವರ್ಷ ಅರುವತ್ತರ ಹತ್ತಿರದ ಆ ಹೆಂಗಸು ಎಲ್ಲಿರಬೇಕು? ತವರಲ್ಲಿ ಅಣ್ಣನ ಕಾಲ, ಇಲ್ಲಿ ಮೂರು ಪಾಲಾದ ಮನೆ, ಅದರಲ್ಲೊಂದು ಪಾಲು ಕೋಪದಲ್ಲಿರುವ ನಿಮ್ಮ ತಮ್ಮನದು. ಅಪ್ಪನಿಗೆ ನಿದ್ದೆ ಬಾರದಿರುವುದು ಈ ಯೋಚನೆಯಿಂದ. ರಾತ್ರಿ ಅವರಿಗೆ ಎದೆ ಹಿಡಿದಾಗ ಆಟೋ ಕರೆಸಿ ಆಸ್ಪತ್ರೆಗೆ ಕೊಂಡುಹೋದದ್ದು ಯಾರೆಂದು ನೀವೇ ಬರೆದಿದ್ದೀರಿ, ಒಂದೇ ಸಾಲಿನಲ್ಲಿ. ತಲೆಯ ಮೇಲೊಂದು ಸೂರು ಆಕೆಗೆ ಸಲ್ಲಲೇಬೇಕು. ಈ ವಿಷಯದಲ್ಲಿ ನಾನು ಅಪ್ಪನ ಕಡೆ.

ಅವರು ಹಿಡಿದಿರುವ ದಾರಿಯ ಬಗ್ಗೆ ಮಾತ್ರ ನನಗೆ ಹೆದರಿಕೆಯಿದೆ. ಆಧಾರ ರಿಜಿಸ್ಟ್ರಿ ಆದ ದಿನವೇ ಜಾಗ ಕೈಬಿಡುತ್ತದೆ. ಹೆಂಡತಿಗೆ ಬರೆದುಕೊಟ್ಟರೂ ಅಷ್ಟೇ, ತಮ್ಮ ಕೇಳುವಂತೆ ಮಕ್ಕಳಿಗೆ ಬರೆದುಕೊಟ್ಟರೂ ಅಷ್ಟೇ. ಈಗಲೇ ಕೊಡಲೇಬೇಕೆಂದಿದ್ದರೆ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಕಾಗದದಲ್ಲೇ ಬರೆಸಲಿ. ಆ ಷರತ್ತಿದ್ದು, ನೋಡಿಕೊಳ್ಳದೆ ಹೋದರೆ, ಹಿರಿಯ ನಾಗರಿಕರ 2007ರ ಕಾಯಿದೆಯ 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಬಹುದು. ಎಲ್ಲಕ್ಕಿಂತ ಒಳ್ಳೆಯದು ವೀಲುನಾಮೆ. ಬದುಕಿರುವವರೆಗೆ ಎಲ್ಲವೂ ಅವರದೇ, ಮನಸ್ಸು ಬದಲಾದರೆ ಇನ್ನೊಂದು ಬರೆಯಬಹುದು. ಮನೆಯಲ್ಲಿ ಆಕೆಗೆ ಜೀವಮಾನದ ವಾಸ, ಖರ್ಚಿಗೆ ಇಷ್ಟು ತೋಟದ ಉತ್ಪತ್ತಿ, ಆಮೇಲೆ ಮಕ್ಕಳಿಗೆ ಎಂದು ಬರೆಸಲು ಸಾಧ್ಯ. ಆ ಸಾಲುಗಳನ್ನು ಮಾತ್ರ ವಕೀಲರೇ ಬರೆಯಲಿ, ಒಂದು ಶಬ್ದ ಹೆಚ್ಚುಕಮ್ಮಿಯಾದರೂ ಅರ್ಥ ಬದಲಾಗುತ್ತದೆ. ಛಾಪಾ ಕಾಗದ ಬೇಕಾಗಿಲ್ಲ, ರಿಜಿಸ್ಟ್ರಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಸಾಕ್ಷಿಗಳು ಇಬ್ಬರಿರಬೇಕು, ಅಪ್ಪನಿಗಿಂತ ಪ್ರಾಯದಲ್ಲಿ ಚಿಕ್ಕವರಾಗಿರಲಿ. ಮುಂದೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರು.

ಇನ್ನೂ ಎರಡು ವಿಷಯ, ನಮ್ಮ ಊರಿನವು. ಆಧಾರ ಬರೆಯುವವರು ಸಾಮಾನ್ಯವಾಗಿ ಮಲಯಾಳದಲ್ಲೇ ಬರೆಯುತ್ತಾರೆ. ಜೀವನವಿಡೀ ಕನ್ನಡ ಕಲಿಸಿದ ಮನುಷ್ಯ ತನಗೆ ಸಲೀಸಾಗಿ ಓದಲಾಗದ ಕಾಗದಕ್ಕೆ ಸಹಿ ಹಾಕುವುದು ಬೇಡ. ವೀಲುನಾಮೆ ಇಂಥ ಭಾಷೆಯಲ್ಲೇ ಇರಬೇಕೆಂದು ಕಾನೂನಿನಲ್ಲಿಲ್ಲ. ಕನ್ನಡದಲ್ಲೇ ಬರೆಸಿ. ಇನ್ನೊಂದು ನೀರು. ನಿಮ್ಮ ತೋಟಕ್ಕೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಎಂದಿದ್ದೀರಿ. ಮನೆ ಮತ್ತು ಒಂದು ಎಕರೆ ಒಬ್ಬರಿಗೆ ಹೋದರೆ ಸುರಂಗದ ಬಾಯಿ ಯಾರ ಪಾಲಿಗೆ ಬರುತ್ತದೆ? ನಮ್ಮ ನೆರೆಮನೆಯ ಅಣ್ಣತಮ್ಮಂದಿರು ಗಡಿಯ ಕಲ್ಲನ್ನು ಅಂಗುಲ ಅಂಗುಲ ಅಳೆದು ಹಾಕಿಸಿದರು, ನೀರಿನ ಬಗ್ಗೆ ಒಂದು ಸಾಲು ಬರೆಸಲಿಲ್ಲ. ಒಂದು ಬೇಸಿಗೆಯಲ್ಲಿ ಮೇಲಿನವನು ನೀರು ಬಿಡಲಿಲ್ಲ. ಕೆಳಗಿನ ತೋಟದ ಮರಗಳ ಸೋಗೆ ಕಂದಿ ಜೋಲುವುದನ್ನು ನಾನು ನಮ್ಮ ಅಂಗಳದಲ್ಲಿ ನಿಂತು ನೋಡಿದ್ದೇನೆ. ಯಾರಿಗೆ ಎಷ್ಟೇ ಹೋಗಲಿ, ನೀರಿನ ಸರದಿ, ಸುರಂಗ ಕೆರೆಸುವ ಖರ್ಚು, ನಡೆದು ಹೋಗುವ ದಾರಿ ಎಲ್ಲವೂ ಕಾಗದದಲ್ಲಿರಲಿ.

ಇನ್ನು ಪೆಟ್ಟಿಗೆ. ಚಿನ್ನ ಅಮ್ಮನದು. ಅವರು ಏನೂ ಬರೆಯದೆ ಹೋದದ್ದರಿಂದ ಅದರಲ್ಲಿ ಅಪ್ಪ, ನೀವು, ತಮ್ಮ ಮೂವರಿಗೂ ಪಾಲು. ಹೊಸ ಹೆಂಡತಿಗೆ ಅದರಲ್ಲಿ ನೇರ ಹಕ್ಕಿಲ್ಲ. ಕೇಳುವುದರಲ್ಲಿ ಸಂಕೋಚ ಬೇಡ. ಕೇಳಬೇಕಾದದ್ದು ಮಾತ್ರ ಅಪ್ಪನನ್ನು, ಅದೂ ನೀವೊಬ್ಬರೇ ಹೋಗಿ, ಫೋನಿನಲ್ಲಿ ಅಲ್ಲ. ‘ಅಪ್ಪಾ, ಅಮ್ಮನ ಪೆಟ್ಟಿಗೆ ನನಗೆ ಬೇಕು’ ಎಂದರೆ ಸಾಕು. ಆರು ವರ್ಷ ಆ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ, ನೀವೂ ತೆರೆಯಲಿಲ್ಲ ಎಂದು ಬರೆದಿದ್ದೀರಿ. ಆ ಸೀರೆಯನ್ನು ಅಪ್ಪನೇ ತೆಗೆದುಕೊಟ್ಟಿರಲೂಬಹುದು. ಅದು ಯಾರದೆಂದು ಆಕೆಗೆ ಯಾರೂ ಹೇಳಿರಲಿಕ್ಕಿಲ್ಲ.

ತಮ್ಮನಿಗೆ ನಿಮ್ಮ ಉತ್ತರ ಸ್ಪಷ್ಟವಾಗಿರಲಿ: ಅಪ್ಪ ಬದುಕಿರುವಾಗ ಅಪ್ಪನ ಮೇಲೆ ದಾವೆಗೆ ನಾನಿಲ್ಲ, ವೀಲುನಾಮೆಯ ಮಾತಿಗೆ ಕೂರುವುದಾದರೆ ಬಾ. ಅವನು ಸಿಟ್ಟಾಗುತ್ತಾನೆ. ಕೆಲವು ತಿಂಗಳು ಮಾತು ಬಿಡಲೂಬಹುದು.

ಪುತ್ತೂರಿನಿಂದ ನಿಮ್ಮ ಮನೆಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಅಡಿಕೆ ಅಂಗಳಕ್ಕೆ ಬೀಳುವ ಮೊದಲು ಒಮ್ಮೆ ಹೋಗಿ ಬನ್ನಿ, ಎರಡು ರಾತ್ರಿ ನಿಲ್ಲುವ ಹಾಗೆ.