ಗಾಲ್ ಬ್ಲಾಡರ್ ತೆಗೆಸಿದ ಮೇಲೆ ಕೀಟೋ ಮಾಡಬಹುದಾ? ಮಾಡಿ ಪಟ್ಟ ಪಾಡು ಹೇಳ್ತೀನಿ ಕೇಳಿ

ಗಾಲ್ ಬ್ಲಾಡರ್ (ಪಿತ್ತಕೋಶ) ತೆಗೆಸಿ ಮೂರು ತಿಂಗಳಾಯ್ತು, ತೂಕ ಇಳಿಸ್ಬೇಕು, ಕೀಟೋ (ಕಾರ್ಬ್ ಅಂದ್ರೆ ಅನ್ನ, ರೊಟ್ಟಿ, ಸಕ್ಕರೆ ತೀರಾ ಕಮ್ಮಿ ಮಾಡಿ ಜಿಡ್ಡು ಜಾಸ್ತಿ ತಿನ್ನೋ ಡಯೆಟ್) ಮಾಡಬಹುದಾ, ಬೆಳಿಗ್ಗೆ ತುಪ್ಪದ ಕಾಫಿ ಕುಡಿಬಹುದಾ, ಎಂಜೈಮ್ ಮಾತ್ರೆ ಬೇಕಾಗುತ್ತಾ ಅಂತ ಕೇಳಿದ್ದೀರಿ. ಕಾಫಿದು ಮೊದ್ಲು ಹೇಳ್ಬಿಡ್ತೀನಿ, ಈಗ್ಲೇ ಬೇಡ.

ನಮ್ಮನೆ ದಾವಣಗೆರೆ, ಕೆಲಸ ಚಿತ್ರದುರ್ಗದಲ್ಲಿ, ದಿನಾ 60 ಕಿಲೋಮೀಟರ್ ಬಸ್ಸು. ಕಲ್ಲಾಗಿ ಲ್ಯಾಪ್ರೋಸ್ಕೋಪಿ ಮಾಡಿಸ್ಕೊಂಡು ಎರಡು ತಿಂಗಳಾಗಿತ್ತಷ್ಟೇ, ವಿಡಿಯೋ ನೋಡಿ ಕೀಟೋ ಶುರು ಹಚ್ಕೊಂಡೆ. ಡಿಸ್ಚಾರ್ಜ್ ದಿನ ಡಾಕ್ಟ್ರು "ಎಲ್ಲಾ ತಿನ್ನಮ್ಮ, ಎಣ್ಣೆ ಜಿಡ್ಡು ನಿಧಾನಕ್ಕೆ ಜಾಸ್ತಿ ಮಾಡು" ಅಂದಿದ್ರು, ನನ್ನ ಕಿವಿಗೆ "ಎಲ್ಲಾ ತಿನ್ನಮ್ಮ" ಅಷ್ಟೇ ಬಿದ್ದಿತ್ತು. ನಮ್ಮತ್ತೆ ಬೇರೆ ಪಿತ್ತಕ್ಕೆ ತುಪ್ಪ ಒಳ್ಳೇದು ಅಂತ ಜೊತೆಗೂಡಿದ್ರು, ಅವರು ಹೇಳೋ ಆಯುರ್ವೇದದ ಪಿತ್ತಾನೇ ಬೇರೆ, ಈ ಪಿತ್ತರಸಾನೇ ಬೇರೆ, ಇರ್ಲಿ. ನಾಲ್ಕನೇ ದಿನ ಕಾಫಿಗೆ ಎರಡು ದೊಡ್ಡ ಚಮಚ ತುಪ್ಪ, ಮೇಲೆ ಬೆಣ್ಣೇಲಿ ಹುರಿದ ಪನೀರು ತಿಂದು ಬಸ್ ಹತ್ತಿದೆ. ಆನಗೋಡು ದಾಟೋ ಹೊತ್ತಿಗೆ ಹೊಟ್ಟೆ ಗುಡುಗುಡು ಅನ್ನೋಕೆ ಶುರು, ಭರಮಸಾಗರ ಬರೋ ಅಷ್ಟೊತ್ತಿಗೆ ಮುಂದಿನ ಸೀಟಿನ ಕಂಬಿ ಹಿಡ್ಕೊಂಡು ಬೆವರ್ತಾ ಇದೀನಿ, ಕಂಡಕ್ಟರ್ ಮುಖ ನೋಡಿದ್ದೇ ಏನೂ ಕೇಳ್ಲಿಲ್ಲ, ಸೀಟಿ ಊದಿ "ಹೋಗ್ ಬರ್ರಿ ಅಕ್ಕಾರೆ, ನಿಲ್ಸಿರ್ತೀವಿ" ಅಂದ. ಎರಡು ಸಲ ಹೋಗಿ ಬಂದೆ. ಹೇಳೋಕೆ ನಾಚಿಕೆ, ಆದ್ರೂ ನೀವು ಗಮನಿಸಬೇಕಾದ್ದು ಅದನ್ನೇ, ನೀರಿನ ಮೇಲೆ ಎಣ್ಣೆ ಪದರ ತೇಲ್ತಿತ್ತು. ಅಂದ್ರೆ ತಿಂದ ಜಿಡ್ಡು ಜೀರ್ಣ ಆಗ್ದೆ ಹಂಗೇ ಬಂದಿದೆ.

ಪಿತ್ತರಸ ತಯಾರು ಮಾಡೋದು ಲಿವರ್ರು, ದಿನಕ್ಕೆ ಹೆಚ್ಚುಕಮ್ಮಿ ಅರ್ಧದಿಂದ ಒಂದು ಲೀಟರ್, ಅದು ಈಗ್ಲೂ ಆಗ್ತಾನೇ ಇರುತ್ತೆ. ಗಾಲ್ ಬ್ಲಾಡರ್ ಅದನ್ನ ಗಟ್ಟಿ ಮಾಡಿ ಕೂಡಿಟ್ಕೊಂಡು, ನಾವು ಜಿಡ್ಡು ತಿಂದಾಗ ಒಂದೇ ಸಲ ಹಿಂಡಿ ಕೊಡ್ತಿತ್ತು. ಈಗ ನಮ್ದು ಮೇಲೆ ಟ್ಯಾಂಕ್ ಇಲ್ಲದ ಮನೆ, ನಲ್ಲಿ ಸಣ್ಣಗೆ ಬರ್ತಾ ಇರುತ್ತೆ, ಬಂದಷ್ಟರಲ್ಲೇ ಪಾತ್ರೆ ತೊಳಿಬೇಕು. ಹಂಗಾಗಿ ದಿನಕ್ಕೆ ಎಷ್ಟು ಜಿಡ್ಡು ಅನ್ನೋದಕ್ಕಿಂತ ಒಂದು ಹೊತ್ತಿಗೆ ಎಷ್ಟು ಅನ್ನೋದು ಮುಖ್ಯ. 1500 ಕ್ಯಾಲೊರಿ ಕೀಟೋದಲ್ಲಿ ನೂರಕ್ಕೆ 70 ಪಾಲು ಜಿಡ್ಡು ಅಂದ್ರೆ 117 ಗ್ರಾಂ ಹತ್ರ ಆಗುತ್ತೆ, ಎರಡು ಊಟ ಮಾಡಿದ್ರೆ ಹೊತ್ತಿಗೆ 58, ಆರು ಸಲಕ್ಕೆ ಹಂಚಿದ್ರೆ 20. ನನ್ನ ಆವತ್ತಿನ ತಿಂಡಿ ಒಂದ್ರಲ್ಲೇ 50 ಗ್ರಾಂ ದಾಟಿತ್ತು!

ಒಂದು ತಿಂಗಳು ಪೂರ್ತಿ ಬಿಟ್ಟು ಮತ್ತೆ ಹಿಡಿದೆ. ಮೊದ್ಲು ಜಿಡ್ಡು ಏರಿಸ್ಲಿಲ್ಲ, ಅನ್ನ ಸಕ್ಕರೆ ಇಳಿಸಿದೆ. ಹೊತ್ತಿಗೆ 10 ಗ್ರಾಂ ಜಿಡ್ಡಿಂದ ಶುರು, ಅಂದ್ರೆ ಎರಡು ಟೀ ಚಮಚ ತುಪ್ಪ, ವಾರಕ್ಕೊಂದು ಸಲ ಐದೈದು ಗ್ರಾಂ ಜಾಸ್ತಿ, ಹೊಟ್ಟೆ ತಕರಾರು ಮಾಡಿದ್ರೆ ಒಂದು ಮೆಟ್ಟಿಲು ವಾಪಸ್. ನಾವು ಮೊಟ್ಟೆ ಮಾಂಸ ಮುಟ್ಟಲ್ಲ, ಹಂಗಾಗಿ ಪನೀರು, ಮೊಸರು, ಶೇಂಗಾ, ಹಸಿ ಕೊಬ್ರಿ, ಮೆಂತ್ಯ ಸೊಪ್ಪು, ಎಣ್ಣೆ ಕಮ್ಮಿ ಹಾಕಿದ ಬದನೆಕಾಯಿ ಪಲ್ಯ, ಇಷ್ಟರಲ್ಲೇ ಸುತ್ತಾಟ. ಕೊಬ್ಬರಿ ಎಣ್ಣೆಗೆ ಪಿತ್ತ ಬೇಡ್ವಂತೆ ಅಂತ ಯಾರಾದ್ರೂ ಹೇಳಿದ್ರೆ ಅರ್ಧ ಮಾತ್ರ ನಂಬಿ, ಆ ಗುಣ ಎಂಸಿಟಿ ಎಣ್ಣೆದು (ಸುಲಭವಾಗಿ ಜೀರ್ಣ ಆಗೋ ಜಿಡ್ಡನ್ನಷ್ಟೇ ಬೇರ್ಪಡಿಸಿ ಮಾರೋ ಎಣ್ಣೆ), ಅಂಗಡಿ ಕೊಬ್ಬರಿ ಎಣ್ಣೇಲಿ ಅರ್ಧದಷ್ಟು ಇರೋ ಲಾರಿಕ್ ಆಸಿಡ್ ಹೆಚ್ಚಾಗಿ ಮಾಮೂಲಿ ಜಿಡ್ಡಿನ ಥರಾನೇ ನಡ್ಕೊಳ್ಳುತ್ತೆ.

ನಮ್ಮೂರಲ್ಲಿ ಇದರ ಸಂಕಟ ಬೇರೆನೇ ಐತ್ರಿ. ಬೆಣ್ಣೆ ದೋಸೆ ಮುಂದೆ ಬಂದ್ರೆ ಕೀಟೋ ಹೇಳುತ್ತೆ ಬೆಣ್ಣೆ ತಿನ್ನು ದೋಸೆ ಬಿಡು, ಹೊಟ್ಟೆ ಹೇಳುತ್ತೆ ದೋಸೆ ತಿನ್ನು ಬೆಣ್ಣೆ ಬಿಡು. ಆಪರೇಷನ್ ಆದೋರು ಹೊಟ್ಟೆ ಮಾತೇ ಕೇಳ್ಬೇಕು. ಈಗ ನಾನು ಪೂರ್ತಿ ಕೀಟೋದಲ್ಲಿ ಇಲ್ಲ, ಮಧ್ಯಾಹ್ನ ಒಂದು ಜೋಳದ ರೊಟ್ಟಿ ಬೇಕೇ ಬೇಕು, ದೊಡ್ಡದಾದ್ರೆ ಅದರಲ್ಲೇ 30 ಗ್ರಾಂ ಹತ್ರ ಕಾರ್ಬ್ ಹೋಗುತ್ತೆ, ಕೀಟೋದೋರು ಇಡೀ ದಿನಕ್ಕೆ ಕೊಡೋದೇ 20ರಿಂದ 50. ಆದ್ರೂ ಎಂಟು ತಿಂಗಳಲ್ಲಿ 78 ಕೆಜಿಯಿಂದ 71ಕ್ಕೆ ಬಂದೀನಿ, ಸಾಕು ನಂಗೆ.

ಇನ್ನೊಂದು ಥರದ ಭೇದಿ ಇದೆ, ಜಿಡ್ಡು ಕಮ್ಮಿ ತಿಂದ್ರೂ ತಿಂದ ಕೂಡ್ಲೇ ಹಳದಿ ನೀರಿನ ಹಂಗೆ ಓಡಿಸೋದು, ಅದು ಪಿತ್ತರಸ ದೊಡ್ಡ ಕರುಳಿಗೆ ಇಳಿದು ಉರಿಸೋದ್ರಿಂದ ಆಗೋದು. ನಂಗೆ ಸ್ವಲ್ಪ ದಿನ ಅದೂ ಇತ್ತು, ಇಸಬ್‌ಗೋಲ್‌ಗೆ ಬಗ್ಗದೇ ಇದ್ದಾಗ ಡಾಕ್ಟ್ರು ಪಿತ್ತರಸ ಹಿಡ್ಕೊಳ್ಳೋ ಕೊಲೆಸ್ಟೈರಮಿನ್ ಪುಡಿ ಕೊಟ್ರು, ನೀರಲ್ಲಿ ಕಲಸಿ ಕುಡಿಯೋದು, ಮರಳು ಕುಡಿದಂಗೆ ಇರುತ್ತೆ. ಅದು ಬೇರೆ ಮಾತ್ರೆಗಳನ್ನೂ ಹಿಡ್ಕೊಂಡು ಹೋಗ್ಬಿಡುತ್ತೆ, ಹಂಗಾಗಿ ನನ್ನ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇಡು ಅಂದ್ರು.

ನಿಮಗೆ ಶುಗರ್ ಇದೆಯಾ ಅಂತ ಬರೆದಿಲ್ಲ. ಇದ್ದು, ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ತಿದ್ರೆ ಡಾಕ್ಟ್ರನ್ನ ಕೇಳ್ದೆ ಕೀಟೋಗೆ ಕೈ ಹಾಕ್ಬೇಡಿ, ಶುಗರ್ ಅಷ್ಟೇನೂ ಜಾಸ್ತಿ ಇಲ್ದೇನೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಸಿಡ್ ಏರಿ ಜೀವಕ್ಕೇ ಕುತ್ತು ಬರೋ ಸ್ಥಿತಿ) ಆಗೋ ಅಪಾಯ ಇದೆ, ಇನ್ಸುಲಿನ್ ತಗೊಳ್ತಿದ್ರೆ ಶುಗರ್ ತೀರಾ ಇಳಿದು ತಲೆ ತಿರುಗಿ ಬೀಳಬಹುದು. ಕಣ್ಣು ಹಳದಿ ಆದ್ರೆ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದ್ರೆ, ಚಳಿ ಜ್ವರದ ಜೊತೆ ಬಲಪಕ್ಕೆ ನೋವು ಬಂದ್ರೆ ಅದು ಡಯೆಟ್ ವಿಷಯ ಅಲ್ವೇ ಅಲ್ಲ, ಪಿತ್ತನಾಳದಲ್ಲಿ ಕಲ್ಲು ಉಳ್ಕೊಂಡಿರಬಹುದು, ಆವತ್ತೇ ಆಸ್ಪತ್ರೆಗೆ ಹೋಗಿ.

ಎಂಜೈಮ್ ಮಾತ್ರೆ ಕೇಳಿದ್ರಲ್ಲ. ಜಿಡ್ಡು ಒಡೆಯೋ ಎಂಜೈಮ್ ಬರೋದು ಪ್ಯಾಂಕ್ರಿಯಾಸಿಂದ, ಅದು ನಮಗೆ ಇನ್ನೂ ಇದೆ, ಹೋಗಿರೋದು ಚೀಲ ಅಷ್ಟೇ. 600 ರೂಪಾಯಿ ಕೊಟ್ಟು ನಾನು ತಂದ ಡಬ್ಬಿ ಅರ್ಧ ಹಂಗೇ ಫ್ರಿಡ್ಜ್ ಮೇಲೆ ಕೂತಿದೆ, ನಮ್ಮನೆಯವರು ಅದಕ್ಕೆ ಒಗ್ಗರಣೆ ಹಾಕು ಅಂತಾರೆ.