ಎಂಟನೆಯ ತರಗತಿಯ ಗಣಿತದ ಅವಧಿಯಲ್ಲಿ ಎಷ್ಟು ಪ್ರಶ್ನೆ ಕೇಳಬೇಕು?

ಅವಧಿಗೆ ಇಪ್ಪತ್ತು ಪ್ರಶ್ನೆ ಸಿದ್ಧಮಾಡಿಕೊಂಡು ಹೋದರೂ ಕಲಿಕೆ ಆಳಕ್ಕಿಳಿಯುತ್ತಿಲ್ಲ, ಇನ್ನೆಷ್ಟು ಕೇಳಲಿ ಎಂದು ಬರೆದಿದ್ದೀರಿ. ಮುಧೋಳ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಗಣಿತ ಶಿಕ್ಷಕನಾಗಿ ಸೇರಿದ ಮೊದಲ ವರ್ಷ ನಾನೂ ಅಂಥದೇ ಪಟ್ಟಿ ಹಿಡಿದು ತರಗತಿಗೆ ಹೋಗುತ್ತಿದ್ದೆ.

ವಿಸ್ತೀರ್ಣದ ಪಾಠ ನಡೆದಿತ್ತು. ಕಬ್ಬು ಬೆಳೆಯುವವರ ಮಕ್ಕಳೇ ಹೆಚ್ಚಿದ್ದುದರಿಂದ ಗುಂಟೆಯ ಲೆಕ್ಕ ತೆಗೆದುಕೊಂಡೆ: 33 ಅಡಿ ಬದಿಯ ಚೌಕ 1,089 ಚದರ ಅಡಿ, ಅಂದರೆ ಒಂದು ಗುಂಟೆ, ಹಾಗಾದರೆ 66 ಅಡಿ ಬದಿಯ ಚೌಕ ಎಷ್ಟು ಗುಂಟೆ? ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಎರಡು ಗುಂಟೆ ರೀ ಸರ್" ಎಂದಳು. "ತಪ್ಪು, ನಾಲ್ಕು" ಎಂದು ನಾನೇ ಹೇಳಿ, ಹಲಗೆಯ ಮೇಲೆ ಸೂತ್ರ ಬರೆದು, "ತಿಳೀತೇನ್ರೋ?" ಎಂದೆ. "ತಿಳೀತ್ರಿ ಸರ್" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು.

ಆ "ನಾಲ್ಕು" ಎಂಬ ಮಾತನ್ನು ನಾನು ಆಡಬಾರದಿತ್ತು. ಅವಳ ಉತ್ತರದ ಹಿಂದೆ ವಿಚಾರವಿತ್ತು: ಬದಿ ಇಮ್ಮಡಿಯಾದರೆ ಸುತ್ತಳತೆ ನಿಜಕ್ಕೂ ಇಮ್ಮಡಿಯಾಗುತ್ತದೆ, 132 ಅಡಿ ಇದ್ದದ್ದು 264 ಆಗುತ್ತದೆ, ವಿಸ್ತೀರ್ಣವೂ ಹಾಗೆಯೇ ಎಂದು ಅವಳು ಭಾವಿಸಿದ್ದಳು. "ಹೇಗೆ?" ಎಂದು ಒಮ್ಮೆ ಕೇಳಿದ್ದರೆ ಆ ವಿಚಾರ ಹೊರಗೆ ಬರುತ್ತಿತ್ತು. ಅವಳಂತೆಯೇ ಎಣಿಸಿ ಸುಮ್ಮನೆ ಕುಳಿತಿದ್ದವರಿಗೂ ತಮ್ಮ ತಪ್ಪಿನ ಮೂಲ ಕಾಣುತ್ತಿತ್ತು. ನಾನು ಕೇಳಲಿಲ್ಲ, ಏಕೆಂದರೆ ನನ್ನ ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಪ್ರಶ್ನೆಗಳು ಉಳಿದಿದ್ದವು. ಕಿರುಪರೀಕ್ಷೆಯಲ್ಲಿ 99 ಅಡಿ ಬದಿಯ ಚೌಕವನ್ನು ಕೊಟ್ಟಾಗ ಹೆಚ್ಚಿನವರು ಮೂರು ಗುಂಟೆ ಎಂದು ಬರೆದಿದ್ದರು, ಸರಿಯುತ್ತರ ಒಂಬತ್ತು. ಆ ಹುಡುಗಿ ಜಾಗವನ್ನು ಖಾಲಿ ಬಿಟ್ಟಿದ್ದಳು. ವರ್ಷ ಮುಗಿಯುವವರೆಗೆ ಅವಳು ತಾನಾಗಿ ಉತ್ತರಿಸಲು ಮತ್ತೆ ಏಳಲಿಲ್ಲ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಗಮನಿಸಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ತೋರಿಸಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಖಾಲಿ ಜಾಗ. ಆದುದರಿಂದ ಎಷ್ಟು ಪ್ರಶ್ನೆ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಒಂದೇ ಪ್ರಶ್ನೆ ಸಾಕು. ತಪ್ಪು ಉತ್ತರ ಬಂದಮೇಲೆ ನೀವು ಕೇಳುವ ಎರಡನೆಯ ಮಾತನ್ನು ಯಾವ ಪಟ್ಟಿಯಲ್ಲೂ ಮೊದಲೇ ಬರೆದಿಡಲಾಗದು.

ಮರುವರ್ಷವೂ "ಎರಡು ಗುಂಟೆ" ಎಂಬ ಉತ್ತರವೇ ಬಂತು. "ಹೌದೇ? ಬಯಲಿನಲ್ಲಿ ಹಾಕಿ ತೋರಿಸಿ" ಎಂದು ಹಗ್ಗ, ಸುಣ್ಣದ ಪುಡಿ ಕೊಟ್ಟು ದೂರ ನಿಂತೆ. ಎರಡು ಚೌಕಗಳನ್ನು ಒಂದರ ಪಕ್ಕ ಒಂದು ಗುರುತಿಸಿದ ಮಕ್ಕಳು, ಉದ್ದ 66 ಆದರೂ ಅಗಲ 33ರಲ್ಲೇ ನಿಂತದ್ದನ್ನು ಕಂಡು, ಇನ್ನೆರಡನ್ನು ತಾವೇ ಸೇರಿಸಿದರು. ಆಗ ಒಬ್ಬ ಹುಡುಗ, "ಹಂಗಾದ್ರ ಚೌಕ ಖರೇ ಎರಡು ಗುಂಟೆ ಆಗಾಕ ಬದಿ ಎಷ್ಟಿರಬೇಕ್ರಿ ಸರ್?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಬೇಕಾದದ್ದು 2,178 ಚದರ ಅಡಿ. 46 ಅಡಿ ಹಿಡಿದರೆ 62 ಕಡಿಮೆ, 47 ಹಿಡಿದರೆ 31 ಹೆಚ್ಚು ಎಂದು ಅವರೇ ಗುಣಿಸಿ ಕಂಡುಕೊಂಡರು. ವರ್ಗಮೂಲದ ಪಾಠಕ್ಕೆ ಇನ್ನೂ ಮೂರು ವಾರವಿತ್ತು. ಅದನ್ನು ಅಂದೇ, ಆ ಬಯಲಿನಲ್ಲೇ ಆರಂಭಿಸಿದೆ.