‘ಡ್ಯೂಡ್’ಗೂ ಆನೆಯ ಕೂದಲಿಗೂ ಸಂಬಂಧವಿಲ್ಲ

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗ ಗೆಳೆಯರನ್ನೆಲ್ಲ ‘ಡ್ಯೂಡ್’ ಅಂತ ಕರೆಯುತ್ತಾನೆ. ಆನೆಯ ಹಿಂಭಾಗದ ಕೂದಲಿಗೆ ಹಾಗೆನ್ನುತ್ತಾರೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ನಿಜವೇ?

ಸುಳ್ಳು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಒಬ್ಬರಿಗೆ ಆನೆ ಅಂತ ಬಂದಿರುತ್ತದೆ, ಇನ್ನೊಬ್ಬರಿಗೆ ಒಂಟೆ ಅಂತ. ಮೆರಿಯಮ್-ವೆಬ್‌ಸ್ಟರ್ ನಿಘಂಟು ತೆರೆದು ನೋಡಿ, ಅಂಥ ಅರ್ಥವೇ ಇಲ್ಲ. ಯಾರೋ ಹುಟ್ಟಿಸಿದ್ದನ್ನು ನೋಡದೆ ಮುಂದೆ ಕಳಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಈ ಪದ ಮನೆಮಾತಾದದ್ದು 1883ರಲ್ಲಿ, ನ್ಯೂಯಾರ್ಕ್‌ನಲ್ಲಿ. ಬಿಗಿ ಪ್ಯಾಂಟು, ಎತ್ತರದ ಕಾಲರ್, ಕೈಯಲ್ಲಿ ಕೋಲು, ಇಂಗ್ಲೆಂಡಿನವರಂತೆ ಮಾತು. ಇಂಥ ಶೋಕಿ ಹುಡುಗರನ್ನು ಗೇಲಿ ಮಾಡಿ ರಾಬರ್ಟ್ ಸೇಲ್ ಹಿಲ್ ಬರೆದ ಪದ್ಯ ಆ ಜನವರಿಯಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಆಮೇಲೆ ಎಲ್ಲ ಪತ್ರಿಕೆಗಳಲ್ಲೂ ಅದೇ ಮಾತು.

ಮೂಲ? ಪದಗಳ ಮೂಲ ಹುಡುಕುವ ಬ್ಯಾರಿ ಪೊಪಿಕ್ ಮತ್ತು ಜೆರಾಲ್ಡ್ ಕೋಹೆನ್ ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿ, ಅಮೆರಿಕದ ಹಳೆಯ ‘ಯಾಂಕಿ ಡೂಡಲ್’ ಹಾಡಿನ ‘ಡೂಡಲ್’ ಕಡೆ ಬೊಟ್ಟು ಮಾಡಿದ್ದಾರೆ. ಟೋಪಿಗೆ ಗರಿ ಸಿಕ್ಕಿಸಿಕೊಂಡು ತಾನೇ ಭಾರಿ ಫ್ಯಾಷನ್ ಅಂದುಕೊಂಡವನ ಹಾಡು ಅದು. ನನಗೂ ಅದೇ ಸರಿ ಅನಿಸುತ್ತದೆ. ಗೇಲಿಯ ಗುರಿ ಎರಡರಲ್ಲೂ ಒಂದೇ, ಅಲ್ವಾ?

ಆಮೇಲೆ ಅಮೆರಿಕದ ಪಶ್ಚಿಮದ ದನಗಾಹಿಗಳು, ದುಡ್ಡು ಕೊಟ್ಟು ಜಾನುವಾರು ಸಾಕುವ ರ‍್ಯಾಂಚ್‌ನಲ್ಲಿ ತಂಗಲು ಬರುವ ಪೇಟೆಯವರನ್ನು ಹೀಗೆ ಕರೆದರು. ‘ಡ್ಯೂಡ್ ರ‍್ಯಾಂಚ್’ ಎಂಬ ಮಾತು ಬಂದದ್ದು ಹಾಗೆ. 20ನೇ ಶತಮಾನದಲ್ಲಿ ಕಪ್ಪು ಮತ್ತು ಮೆಕ್ಸಿಕನ್ ಮೂಲದ ಹುಡುಗರು ಇದನ್ನು ತಮ್ಮತಮ್ಮಲ್ಲಿ ಬಳಸಿದರು. ಗೇಲಿ ಹೋಗಿ ಸಲುಗೆ ಬಂತು. ಮುಂದೆ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರಿಗೂ ಹಿಡಿಸಿತು. ಭಾಷಾವಿಜ್ಞಾನಿ ಸ್ಕಾಟ್ ಕೀಸ್ಲಿಂಗ್ 2004ರಲ್ಲಿ ಇದರ ಮೇಲೆಯೇ ಪ್ರಬಂಧ ಬರೆದರು: ಈ ಪದದಿಂದ ಹುಡುಗರು ಆತ್ಮೀಯತೆ ತೋರಿಸುತ್ತಾರೆ, ಆದರೆ ತೀರಾ ಹತ್ತಿರವೂ ಹೋಗುವುದಿಲ್ಲ. ನಿಮ್ಮ ಮಗನೂ ಅದನ್ನೇ ಮಾಡುತ್ತಿದ್ದಾನೆ, ಬಿಟ್ಟುಬಿಡಿ. ಮೇಷ್ಟ್ರಿಗೆ, ಕೆಲಸದ ಸಂದರ್ಶನದಲ್ಲಿ ಮಾತ್ರ ಬೇಡ ಅನ್ನಿ.

ಪ್ರಶ್ನೆ: ‘ಓಕೆ’ ಅಂದರೆ ಯುದ್ಧದಲ್ಲಿ ‘ಸೊನ್ನೆ ಸಾವು’ (0 Killed) ಎಂದೇ?

ಅಲ್ಲ. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘ಓಲ್ ಕೊರೆಕ್ಟ್’ (oll korrect) ಅಂತ ತಪ್ಪಾಗಿ ಬರೆದ ತಮಾಷೆಯ ಮೊದಲಕ್ಷರಗಳು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿವೆ.

ಪ್ರಶ್ನೆ: ‘ಕಾಪ್’ ಎಂಬುದು ‘ಕಾನ್‌ಸ್ಟೆಬಲ್ ಆನ್ ಪ್ಯಾಟ್ರೋಲ್’ನ ಚಿಕ್ಕ ರೂಪವೇ?

ಅಲ್ಲ. ಹಿಡಿಯುವುದು ಎಂಬರ್ಥದ ಹಳೆಯ ಕ್ರಿಯಾಪದದಿಂದ ‘ಕಾಪರ್’, ಅದು ಮೊಟಕಾಗಿ ‘ಕಾಪ್’.